ಮೈನಸ್ ಇಪ್ಪತ್ತಕ್ಕಲ್ಲ, ಸೊನ್ನೆಗೆ ಹೆದರಿ

ಪ್ರಶ್ನೆ: ನಾನು ದಾವಣಗೆರೆಯವನು. ಆಗಸ್ಟ್‌ನಿಂದ ಫಿನ್ಲೆಂಡ್‌ನ ಔಲು ಪಟ್ಟಣದಲ್ಲಿ ಓದುತ್ತಿದ್ದೇನೆ. ರೂಮಿನಿಂದ ಲಿನ್ನನ್ಮಾ ಕ್ಯಾಂಪಸ್ಸಿಗೆ ದಿನಾ ಸೈಕಲ್. ಇಲ್ಲಿ ಅಜ್ಜಿಯಂದಿರೂ ಹಿಮದಲ್ಲಿ ಸೈಕಲ್ ತುಳಿಯುತ್ತಾರಂತೆ. ಮೈನಸ್ 20 ಆದಾಗ ನಿಲ್ಲಿಸಿಬಿಡಲೇ? ಅಮ್ಮ ಅಂತೂ ಈಗಲೇ ಬಸ್ಸಿಗೆ ಹೋಗು ಅಂತಿದ್ದಾಳೆ.

ಉತ್ತರ: ಅದೇ ಊರಲ್ಲಿ ಹನ್ನೊಂದು ಚಳಿಗಾಲ ಸೈಕಲ್ ತುಳಿದವನು ನಾನು. ಅಜ್ಜಿಯಂದಿರ ವಿಷಯ ನಿಜ. ಕೈಚೀಲ ನೇತುಹಾಕಿಕೊಂಡು ನನ್ನನ್ನು ಹಿಂದೆ ಹಾಕಿ ಹೋಗಿದ್ದಾರೆ.

ಮೈನಸ್ 20ಕ್ಕೆ ಹೆದರಬೇಡಿ. ಆ ಚಳಿಯಲ್ಲಿ ಹಿಮ ಒಣಗಿ ರವೆಯಂತಾಗಿರುತ್ತದೆ, ಚಕ್ರದಡಿ ಕರಕರ ಎನ್ನುತ್ತದೆ, ಹಿಡಿತ ಚೆನ್ನಾಗಿರುತ್ತದೆ. ಬೀಳಿಸುವುದು ಸೊನ್ನೆಯ ಆಸುಪಾಸು. ಹಗಲು ಕರಗಿದ ನೀರು ರಾತ್ರಿ ಹೆಪ್ಪುಗಟ್ಟಿ, ಬೆಳಿಗ್ಗೆ ಅದರ ಮೇಲೆ ಮತ್ತೆ ತೆಳ್ಳಗೆ ನೀರು. ನಮ್ಮ ತೀರ್ಥಹಳ್ಳಿ ಕಡೆ ಆಷಾಢದಲ್ಲಿ ಹಾವಸೆ ಕಟ್ಟಿದ ಅಂಗಳ ಹೇಗೋ ಹಾಗೆ. ಅಲ್ಲಾದರೆ ಅಡಿಕೆ ದಬ್ಬೆ ಹಾಸುತ್ತೇವೆ, ಇಲ್ಲಿ ನಗರಸಭೆಯವರು ಸಣ್ಣ ಜಲ್ಲಿ ಎರಚುತ್ತಾರೆ.

ನನ್ನ ಮೊದಲ ನವೆಂಬರ್‌ನಲ್ಲಿ ಒಂದು ಬೆಳಿಗ್ಗೆ ಥರ್ಮಾಮೀಟರ್ ಪ್ಲಸ್ 1 ತೋರಿಸುತ್ತಿತ್ತು. ಮಂಜುಗಡ್ಡೆ ಎಲ್ಲಿಂದ ಬರಬೇಕು ಎಂದುಕೊಂಡು ಹೊರಟೆ. ರಾತ್ರಿ ಆಕಾಶ ತಿಳಿಯಾಗಿದ್ದರೆ ಗಾಳಿಗಿಂತ ನೆಲ ಹೆಚ್ಚು ತಣ್ಣಗಾಗಿರುತ್ತದೆ ಅನ್ನುವುದು ಆಗ ಗೊತ್ತಿರಲಿಲ್ಲ. ಅಂಡರ್‌ಪಾಸಿನ ಇಳಿಜಾರು, ಬರೀ ಒದ್ದೆ ಡಾಂಬರಿನಂತೆ ಕಪ್ಪಗೆ ಹೊಳೆಯುತ್ತಿತ್ತು. ಮುಂದಿನ ಬ್ರೇಕ್ ಹಿಡಿದದ್ದಷ್ಟೇ ನೆನಪು. ಸೈಕಲ್ಲಿಗಿಂತ ಮೊದಲು ನಾನು ಕೆಳಗೆ ತಲುಪಿದ್ದೆ, ಮಣಿಕಟ್ಟು ಆರು ವಾರ ಪಟ್ಟಿಯಲ್ಲಿತ್ತು. ಅದಕ್ಕೆ ‘ಮುಸ್ತಾ ಯಾ’, ಕಪ್ಪು ಮಂಜುಗಡ್ಡೆ, ಎನ್ನುತ್ತಾರೆಂದು ಆಮೇಲೆ ಪಕ್ಕದ ಮನೆಯಾಕೆ ಹೇಳಿಕೊಟ್ಟರು.

ಆದ್ದರಿಂದ ದುಡ್ಡು ಜಾಕೆಟ್ಟಿಗಲ್ಲ, ಟೈರಿಗೆ ಹಾಕಿ. ಮೊಳೆ ಟೈರು, ಅಂದರೆ ಮೈಮೇಲೆ ಪುಟ್ಟ ಮೊಳೆಗಳನ್ನು ಕೂರಿಸಿದ್ದು, ಉಕ್ಕಿಗಿಂತ ಗಟ್ಟಿಯಾದ ಕಾರ್ಬೈಡ್ ಮೊಳೆಯದ್ದೇ ಆಗಬೇಕು. ಬರೀ ಉಕ್ಕಿನದ್ದು ಡಾಂಬರಿಗೆ ಬೇಗ ಸವೆದುಹೋಗುತ್ತದೆ. ಒಂದೇ ಕೊಳ್ಳುವಷ್ಟು ಹಣವಿದ್ದರೆ ಮುಂದಿನ ಚಕ್ರಕ್ಕೆ. ಹಿಂದಿನದು ಜಾರಿದರೆ ಹೇಗೋ ಸಂಭಾಳಿಸಬಹುದು, ಮುಂದಿನದು ಜಾರಿದರೆ ಯೋಚಿಸುವುದಕ್ಕೇ ಸಮಯವಿಲ್ಲ. ಹೊಸತರಲ್ಲಿ 40-50 ಕಿ.ಮೀ. ಡಾಂಬರಿನ ಮೇಲೆ ನಿಧಾನ ಓಡಿಸಿ, ಮೊಳೆಗಳು ಕೂರಲಿ. ಜಾರುವ ಕಡೆ ಹಿಂದಿನ ಬ್ರೇಕನ್ನು ಮೆಲ್ಲಗೆ ಒತ್ತಿ, ತಿರುವಿನಲ್ಲಿ ಮೈ ವಾಲಿಸಬೇಡಿ, ತಿರುವಿಗೆ ಮೊದಲೇ ವೇಗ ಇಳಿಸಿಬಿಡಿ. ಸೀಟು ಒಂದು ಬೆರಳು ತಗ್ಗಿಸಿಕೊಂಡರೆ ಕಾಲು ಬೇಗ ನೆಲ ಮುಟ್ಟುತ್ತದೆ.

ಡಿಸೆಂಬರ್ ಕೊನೆಗೆ ಹಗಲು ಉಳಿಯುವುದು ಸುಮಾರು 3.5 ಗಂಟೆ. ಹಾಗಾಗಿ ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ ಬೇಕೇ ಬೇಕು, ಕಾನೂನೂ ಅದೇ. ಚಳಿಗೆ ಬ್ಯಾಟರಿ ಬೇಗ ಸೊರಗುತ್ತದೆ. ಕ್ಲಾಸಿಗೆ ಹೋಗುವಾಗ ದೀಪ ಕಳಚಿ ಜೇಬಿಗೆ ಹಾಕಿಕೊಳ್ಳಿ. ಬಟ್ಟೆಯ ವಿಷಯ ಒಂದೇ ಮಾತು: ಹೊರಡುವಾಗ ಸ್ವಲ್ಪ ಚಳಿಯೇ ಆಗಬೇಕು, ತುಳಿಯುತ್ತ ಮೈ ತಾನೇ ಬಿಸಿಯಾಗುತ್ತದೆ. ಊರಿಂದ ತಂದ ಮಂಕಿ ಕ್ಯಾಪ್ ದಪ್ಪ, ಅದರ ಮೇಲೆ ಹೆಲ್ಮೆಟ್ ಕೂರುವುದಿಲ್ಲ. ತೆಳು ಉಣ್ಣೆ ಟೋಪಿ ಸಾಕು.

ಪ್ರಶ್ನೆ: ಅಮೆರಿಕದ ಮಿನಿಯಾಪೊಲಿಸ್‌ನಿಂದ ಬರೆಯುತ್ತಿದ್ದೇನೆ. ಹಿಮ ತಾಗಬಾರದೆಂದು ಸೈಕಲ್ಲನ್ನು ರಾತ್ರಿ ಮನೆಯೊಳಗೇ ಇಡುತ್ತೇನೆ. ಆದರೂ ಬೆಳಿಗ್ಗೆ ಸ್ವಲ್ಪ ದೂರ ಹೋಗುವಷ್ಟರಲ್ಲಿ ಪೆಡಲ್ ಸುಮ್ಮನೆ ತಿರುಗುತ್ತದೆ, ಚಕ್ರ ಓಡುವುದಿಲ್ಲ. ಚೈನ್ ಸರಿಯಾಗಿಯೇ ಇದೆ.

ಉತ್ತರ: ಒಳಗೆ ಇಡುವುದೇ ತಪ್ಪಾಯಿತು. ಸೆಕೆಗೆ ಹಿಮ ಕರಗಿ ನೀರು ಫ್ರೀವೀಲಿನೊಳಗೆ (ಪೆಡಲ್ ನಿಲ್ಲಿಸಿದರೂ ಹಿಂದಿನ ಚಕ್ರ ಓಡಲು ಬಿಡುವ ಭಾಗ) ಇಳಿಯುತ್ತದೆ, ಹೊರಗೆ ಒಯ್ದಾಗ ಅಲ್ಲೇ ಹೆಪ್ಪುಗಟ್ಟಿ, ಹಲ್ಲುಗಳನ್ನು ಕಚ್ಚಬೇಕಾದ ಪುಟ್ಟ ಕೊಂಡಿಗಳು ಮೇಲೇಳುವುದಿಲ್ಲ. ಅಂಗಡಿಯಲ್ಲಿ ಬಿಚ್ಚಿಸಿ, ಹಳೆ ಗ್ರೀಸ್ ತೆಗೆಸಿ ಚಳಿಗೆ ಗಟ್ಟಿಯಾಗದ ತೆಳು ಗ್ರೀಸ್ ಹಾಕಿಸಿ. ಆಮೇಲೆ ತಣ್ಣನೆಯ ಶೆಡ್ಡಿನಲ್ಲೇ ಇರಲಿ, ಮಾರ್ಚ್‌ವರೆಗೂ. ಬೀಗವನ್ನು ಮಾತ್ರ ಒಳಗೆ ತನ್ನಿ, ಒರೆಸಿ ಒಣಗಿಸಿ. ಹೆಪ್ಪುಗಟ್ಟಿದ ಬೀಗಕ್ಕೆ ಬಿಸಿನೀರು ಹೊಯ್ದ ಬುದ್ಧಿವಂತ ನಾನೇ, ಆ ನೀರೂ ಹೆಪ್ಪುಗಟ್ಟಿ ಅವತ್ತು ನಡೆದುಕೊಂಡು ಮನೆಗೆ ಬಂದೆ.