ಒಂದು ಹನಿ ರಕ್ತದಲ್ಲಿ ಔಷಧದ ಲೆಕ್ಕ

ಪ್ರಶ್ನೆ: ಹೊಸ ಔಷಧವನ್ನು ಸುಂಡಿಲಿಗೆ ಕೊಟ್ಟ ಮೇಲೆ ಅದರ ರಕ್ತದಲ್ಲಿ ಔಷಧ ಎಷ್ಟಿದೆಯೆಂದು ಮತ್ತೆ ಮತ್ತೆ ಅಳೆಯುತ್ತಾರೆಂದು ಓದಿದೆ. ಅಷ್ಟು ಚಿಕ್ಕ ಪ್ರಾಣಿ ಇದನ್ನು ತಾಳಿಕೊಳ್ಳುವುದೇ? ಒಂದೇ ಹನಿಯಿಂದ ಬಂದ ಅಂಕಿಯನ್ನು ನಂಬಬಹುದೇ?
– ಬಿ.ಫಾರ್ಮ್ ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: 25 ಗ್ರಾಂ ತೂಗುವ ಸುಂಡಿಲಿಯ ಮೈಯಲ್ಲಿರುವ ರಕ್ತವೆಲ್ಲ ಸೇರಿದರೂ ಸುಮಾರು 1.8 ಮಿಲಿಲೀಟರ್. ಅದರಲ್ಲಿ ಶೇಕಡಾ 10ಕ್ಕಿಂತ ಹೆಚ್ಚನ್ನು ಒಮ್ಮೆಗೆ ತೆಗೆಯಬಾರದೆಂಬುದು ಸಾಮಾನ್ಯ ನಿಯಮ; ಎಂದರೆ 180 ಮೈಕ್ರೋಲೀಟರ್. ಹಿಂದೆ ಒಂದು ಅಳತೆಗೇ ಹೆಚ್ಚುಕಡಿಮೆ ಅಷ್ಟು ರಕ್ತ ಬೇಕಾಗುತ್ತಿದ್ದುದರಿಂದ ಅಳೆಯುವ ಪ್ರತಿ ಹೊತ್ತಿಗೂ ಬೇರೆ ಬೇರೆ ಪ್ರಾಣಿಗಳನ್ನು ಬಳಸುತ್ತಿದ್ದರು. ಏಳು ಹೊತ್ತು, ಹೊತ್ತಿಗೆ ಮೂರು ಪ್ರಾಣಿ ಎಂದುಕೊಂಡರೂ 21 ಸುಂಡಿಲಿಗಳು ಬೇಕು. ಈಗ ಹೊತ್ತಿಗೆ 20 ಮೈಕ್ರೋಲೀಟರಿನಂತೆ ಏಳು ಬಾರಿ ತೆಗೆದರೂ 140 ಮೈಕ್ರೋಲೀಟರ್ ಮೀರದು. ಮೂರೇ ಪ್ರಾಣಿಗಳು ಸಾಕು. ಔಷಧ ನಿಯಂತ್ರಣದ ಅಂತರರಾಷ್ಟ್ರೀಯ ಒಕ್ಕೂಟವಾದ ಐಸಿಎಚ್ 2017ರಲ್ಲಿ ಈ ವಿಧಾನಕ್ಕೆ ಮಾರ್ಗಸೂಚಿ ಕೊಟ್ಟು, 50 ಮೈಕ್ರೋಲೀಟರ್ ಅಥವಾ ಅದಕ್ಕೂ ಕಡಿಮೆ ರಕ್ತ ತೆಗೆಯುವುದನ್ನು ಸೂಕ್ಷ್ಮ ಮಾದರಿ ಸಂಗ್ರಹವೆಂದು ಪರಿಗಣಿಸಿದೆ.

ಪ್ರಾಣಿಗಳ ಸಂಖ್ಯೆ ಇಳಿಯುವುದು ದೊಡ್ಡ ಸಮಾಧಾನವೇ ಸರಿ. ಆದರೆ ಅಂಕಿಗಳ ದೃಷ್ಟಿಯಿಂದ ಇನ್ನೂ ದೊಡ್ಡ ಲಾಭವೊಂದಿದೆ ಎಂದು ನನ್ನ ಖಚಿತ ಅಭಿಪ್ರಾಯ. ಹಳೆಯ ಕ್ರಮದಲ್ಲಿ ಒಂದು ಇಲಿಯ ಮೊದಲ ಗಂಟೆಯ ಅಂಕಿಯನ್ನು ಇನ್ನೊಂದರ ನಾಲ್ಕನೆಯ ಗಂಟೆಯ ಅಂಕಿಗೆ ಜೋಡಿಸಿ ರೇಖೆ ಎಳೆಯಬೇಕಿತ್ತು. ಈಗ ಒಂದೇ ಪ್ರಾಣಿಯಲ್ಲಿ ಔಷಧ ಏರಿ ಇಳಿಯುವುದನ್ನು ಪೂರ್ತಿಯಾಗಿ ಕಾಣಬಹುದು. ಒಂದು ಪ್ರಾಣಿಗೂ ಇನ್ನೊಂದಕ್ಕೂ ಇರುವ ವ್ಯತ್ಯಾಸವೂ ಮರೆಯಾಗುವುದಿಲ್ಲ.

ಇಷ್ಟು ಸಣ್ಣ ಮಾದರಿಯಲ್ಲಿ ನ್ಯಾನೊಗ್ರಾಂ ಲೆಕ್ಕದ ಔಷಧವನ್ನೂ ಗುರುತಿಸಬಲ್ಲ ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಉಪಕರಣ ಇರುವುದರಿಂದಲೇ ಇದೆಲ್ಲ ಸಾಧ್ಯವಾಗಿದೆ. ಆದರೂ ಅಂಕಿಯ ನಂಬಿಕೆ ನಿಲ್ಲುವುದು ರಕ್ತ ತೆಗೆಯುವ ಕೈಯ ಮೇಲೆ. ಬಾಲವನ್ನು ಹದವಾಗಿ ಬೆಚ್ಚಗೆ ಮಾಡಿ, ಅಭಿಧಮನಿಗೆ ಸೂಜಿ ಚುಚ್ಚಿ, ತಾನಾಗಿ ಉಬ್ಬಿ ಬಂದ ಹನಿಗೆ ಹೆಪ್ಪುರೋಧಕ ಲೇಪಿಸಿದ ಕ್ಯಾಪಿಲರಿ ಕೊಳವೆಯ ತುದಿಯನ್ನು ತಾಗಿಸಿದರೆ ರಕ್ತ ತಾನೇ ಏರುತ್ತದೆ. ಅವಸರಪಟ್ಟು ಬಾಲವನ್ನು ಹಿಂಡಿದರೆ ಅಂಗಾಂಶದ ದ್ರವ ಬೆರೆತು ಅಂಕಿ ಕೆಡುತ್ತದೆ. ಬಾಲದ ಅಭಿಧಮನಿಯ ಮೂಲಕವೇ ಔಷಧ ಕೊಟ್ಟಿದ್ದರೆ ಮಾದರಿಯನ್ನು ಬಾಲದಿಂದ ತೆಗೆಯಲೇಬಾರದು. ಚುಚ್ಚಿದ ಜಾಗದಲ್ಲಿ ಉಳಿದ ಔಷಧ ಅಂಕಿಯನ್ನು ಸುಳ್ಳುಸುಳ್ಳಾಗಿ ಏರಿಸುತ್ತದೆ.

ರಕ್ತವನ್ನು ಕಾಗದದ ಮೇಲೆ ಒಣಗಿಸಿಡುವ ಪದ್ಧತಿಯೂ ಇದೆ. ಆದರೆ ಕೆಂಪುಕಣಗಳ ಪ್ರಮಾಣ ಹೆಚ್ಚಿದ್ದಷ್ಟೂ ಕಲೆ ಕಡಿಮೆ ಹರಡುವುದರಿಂದ, ಕಲೆಯ ಒಂದು ತುಣುಕನ್ನಷ್ಟೇ ಕತ್ತರಿಸಿ ಪರೀಕ್ಷಿಸಿದಾಗ ಲೆಕ್ಕ ತಪ್ಪಬಹುದು.

ಔಷಧದಿಂದ ಆಗುವ ಹಾನಿಯನ್ನು ನೋಡಲೆಂದು ಇಟ್ಟ (ವಿಷಪರೀಕ್ಷೆಯ) ಮುಖ್ಯ ಗುಂಪಿನ ಪ್ರಾಣಿಗಳಿಂದಲೇ ಮಾದರಿ ತೆಗೆಯುವಾಗ ಇನ್ನೊಂದು ಎಚ್ಚರ ಬೇಕು. ಔಷಧವೇ ರಕ್ತಕಣಗಳನ್ನು ಕುಂದಿಸುವಂಥದಾಗಿದ್ದರೆ, ಕಣಗಳು ಕಡಿಮೆಯಾದದ್ದು ಔಷಧದಿಂದಲೋ ನಾವು ತೆಗೆದ ರಕ್ತದಿಂದಲೋ ಹೇಳುವುದು ಕಷ್ಟ. ಅಂಥ ಸಂದರ್ಭದಲ್ಲಿ ಈಗಲೂ ಔಷಧದ ಅಳತೆಗೆ ಪ್ರತ್ಯೇಕ ಗುಂಪನ್ನು ಇಡುವುದೇ ಸರಿ.