ಟ್ಯಾಟಿಂಗ್: ರಿಂಗ್ ಮುಚ್ಚದಿರುವುದಕ್ಕೆ ಕಾರಣ, ಕುಲಾಯಿಯ ದಾರ, ದಸ್ತಿಯ ಅಂಚಿನ ಲೆಕ್ಕ

ಟ್ಯಾಟಿಂಗ್ ಅಂದರೆ ಶಟಲ್ ಅನ್ನುವ, ದಾರ ಸುತ್ತಿದ ಪುಟ್ಟ ಲಾಳಿಯಿಂದ ಗಂಟು ಹಾಕುತ್ತಾ ಮಾಡುವ ಲೇಸು. ಗಂಟುಗಳ ಸಾಲನ್ನು ಎಳೆದು ಬಳೆಯಂತೆ ಮುಚ್ಚಿದರೆ ರಿಂಗ್, ಮುಚ್ಚದೆ ಬಿಟ್ಟರೆ ಚೈನ್. ನೀವು ಕೇಳಿದ್ದು ಮೂರು. ರಿಂಗ್ ಎಷ್ಟು ಎಳೆದರೂ ಯಾಕೆ ಮುಚ್ಚುತ್ತಿಲ್ಲ, ತಂಗಿಯ ಕೂಸಿನ ತೊಟ್ಟಿಲ ಕಾರ್ಯಕ್ಕೆ ಕುಲಾಯಿಯ (ಕೂಸಿನ ಟೋಪಿ) ಅಂಚಿಗೆ ಯಾವ ದಾರ, ಮದುವೆಗೆ ಕೊಡಲು ಆರು ದಸ್ತಿಗಳ (ಕರವಸ್ತ್ರ) ಅಂಚು ಮೂರು ತಿಂಗಳಲ್ಲಿ ಮುಗಿದೀತೇ. ಮೊದಲನೆಯದು ಬಗೆಹರಿಯದೆ ಉಳಿದೆರಡಕ್ಕೆ ಕೈ ಹಾಕುವಂತಿಲ್ಲ. ಹಾಗಾಗಿ ಅದನ್ನೇ ವಿವರವಾಗಿ ಬರೆಯುತ್ತೇನೆ.

ಟ್ಯಾಟಿಂಗ್‌ನಲ್ಲಿ ಶಟಲ್ ದಾರ ಗಂಟು ಹಾಕುವುದಿಲ್ಲ. ಅದು ನೆಟ್ಟಗೆ ಒಳಗಿರಬೇಕು. ಎಡಗೈ ಬೆರಳಿಗೆ ಸುತ್ತಿದ ದಾರ ಅದರ ಮೇಲೆ ಗಂಟಾಗಿ ಕೂರಬೇಕು. ಆದರೆ ಶಟಲ್ ತೂರಿಸಿದ ಕೂಡಲೇ ಆಗುವುದು ಇದರ ತಿರುವುಮುರುವು: ಶಟಲ್ ದಾರವೇ ಬೆರಳಿನ ದಾರಕ್ಕೆ ಸುತ್ತಿಕೊಂಡಿರುತ್ತದೆ. ಅಲ್ಲೇ ಗಂಟನ್ನು ಒಂದು ದಾರದಿಂದ ಇನ್ನೊಂದಕ್ಕೆ ದಾಟಿಸಬೇಕು. ಇದನ್ನೇ ಫ್ಲಿಪ್ ಅನ್ನುತ್ತಾರೆ. ಶಟಲ್ ತೂರಿಸಿ ಹೊರತೆಗೆದ ಮೇಲೆ ಎಡಗೈಯ ಮಧ್ಯದ ಬೆರಳನ್ನು ಮಡಚಿ ಸಡಿಲ ಬಿಡಿ, ಬಲಗೈಯ ದಾರವನ್ನು ಬಿಗಿಯಾಗಿ ಎಳೆದು ಹಿಡಿಯಿರಿ. ಕುಣಿಕೆ ಆಚೆ ದಾರಕ್ಕೆ ಹಾರುವುದು ಕಣ್ಣಿಗೆ ಕಾಣುತ್ತದೆ. ಆಮೇಲೆ ಮಾತ್ರ ಮಧ್ಯದ ಬೆರಳನ್ನು ಮೇಲೆತ್ತಿ ಗಂಟನ್ನು ಹೆಬ್ಬೆರಳಿನ ಹತ್ತಿರಕ್ಕೆ ಸರಿಸಿ. ಇಷ್ಟೂ ಹೊತ್ತು ಬಲಗೈಯ ದಾರ ಸಡಿಲವಾಗಬಾರದು. ಎರಡೂ ಕೈ ಒಟ್ಟಿಗೆ ಎಳೆದರೆ ಗಂಟು ನಡುವೆ ಬೀಗ ಹಾಕಿಕೊಳ್ಳುತ್ತದೆ. ಅಂಥ ಒಂದೇ ಗಂಟು ಇದ್ದರೂ ಇಡೀ ರಿಂಗ್ ಅಲ್ಲಿಗೇ ನಿಲ್ಲುತ್ತದೆ. ನೀವು ಕಳಿಸಿದ ಮೊದಲ ಫೋಟೊದಲ್ಲಿ ಆರನೆಯ ಗಂಟಿನ ಹತ್ತಿರ ಆಗಿರುವುದು ಇದೇ.

ಇದನ್ನು ಕೈಗೆ ಕಲಿಸುವ ಸುಲಭದ ದಾರಿ ಎರಡು ಬಣ್ಣ. ಶಟಲ್‌ಗೆ ಕೆಂಪು, ಉಂಡೆಯಿಂದ ಬಿಳಿ. ಎರಡರ ತುದಿ ಕಟ್ಟಿ, ಬಿಳಿಯನ್ನು ಎಡಗೈ ಮೇಲೆ ಹಾಯಿಸಿ ಕಿರುಬೆರಳಿಗೆ ಎರಡು ಸುತ್ತು ಸುತ್ತಿ. ರಿಂಗ್ ಬೇಡ, ಬರೀ ಚೈನ್ ಹಾಕುತ್ತಾ ಹೋಗಿ. ಗಂಟುಗಳೆಲ್ಲ ಬಿಳಿಯಾಗಿಯೇ ಕಾಣಬೇಕು. ನಡುವೆ ಎಲ್ಲಾದರೂ ಕೆಂಪು ಚುಕ್ಕೆ ಇಣುಕಿದರೆ ಅದು ದಾಟದೆ ಉಳಿದ ಗಂಟು. ಪ್ರತಿ ಗಂಟಿನ ನಂತರ ಶಟಲ್ ದಾರವನ್ನು ಹಿಂದೆ ಮುಂದೆ ಎಳೆದು ನೋಡಿ. ಜಾರಿದರೆ ಸರಿ, ಜಾರದಿದ್ದರೆ ಅಲ್ಲೇ ಮೊಂಡು ಸೂಜಿಯಿಂದ ಬಿಚ್ಚಿ. ಮುಂದೆ ಐದು ಗಂಟು ಹಾಕಿದ ಮೇಲೆ ಬಿಚ್ಚುವುದು ಬಹಳ ಕಷ್ಟ.

ಡಬಲ್ ಸ್ಟಿಚ್ ಅಂದರೆ ಎರಡು ಅರ್ಧ ಗಂಟು. ಮೊದಲರ್ಧಕ್ಕೆ ಶಟಲ್ ಬೆರಳಿನ ದಾರದ ಕೆಳಗಿಂದ ಹೋಗಿ ಮೇಲಿಂದ ವಾಪಸ್ ಬರುತ್ತದೆ, ಎರಡನೆಯದಕ್ಕೆ ಮೇಲಿಂದ ಹೋಗಿ ಕೆಳಗಿಂದ. ಎರಡನೇ ಫೋಟೊದಲ್ಲಿ ಚೈನ್ ಸ್ಕ್ರೂ ಮರೆಯಂತೆ ತಿರುಚಿಕೊಂಡಿರುವುದು ಮೊದಲರ್ಧವನ್ನೇ ಮತ್ತೆ ಮತ್ತೆ ಹಾಕಿದ್ದರಿಂದ. ಅರ್ಧ ಗಂಟನ್ನೇ ಸಾಲಾಗಿ ಹಾಕುವುದು ತಪ್ಪೇನಲ್ಲ, ಜೋಸೆಫಿನ್ ನಾಟ್ ಅನ್ನುವ ಅಲಂಕಾರವನ್ನು ಹಾಗೇ ಮಾಡುತ್ತಾರೆ. ಅಂಚಿಗೆ ಮಾತ್ರ ಅದು ಬೇಡ. ಎಣಿಸುವಾಗ ಅರ್ಧಗಳನ್ನು ಎಣಿಸಬೇಡಿ, ಜೋಡಿಯನ್ನು ಒಂದು ಅಂತ ಎಣಿಸಿ.

ಮುಚ್ಚಿದ ರಿಂಗ್‌ನಲ್ಲಿ ತಪ್ಪು ಕಂಡರೆ ಕತ್ತರಿ ತೆಗೆಯುವ ಮೊದಲು ಕೊನೆಯ ಪಿಕಾಟ್ (ಎರಡು ಗಂಟುಗಳ ನಡುವೆ ಬಿಟ್ಟ ದಾರದ ಪುಟ್ಟ ಕುಣಿಕೆ) ಹುಡುಕಿ. ಅದರ ಎರಡೂ ಬದಿಯ ಗಂಟುಗಳನ್ನು ಉಗುರಿನಿಂದ ದೂರ ಸರಿಸಿದರೆ ಒಳಗಿನ ದಾರ ಕಾಣುತ್ತದೆ. ಅದನ್ನು ಸೂಜಿಯ ತುದಿಯಿಂದ ಮೇಲೆತ್ತಿ, ರಿಂಗ್‌ನ ಬುಡದಿಂದ ದಾರ ಒಳಗೆ ಬರುವಂತೆ ನಿಧಾನವಾಗಿ ಎಳೆಯಿರಿ. ಪಿಕಾಟ್ ಇಲ್ಲದ ರಿಂಗ್ ತೆರೆಯುವುದು ಅನುಭವಿಗಳಿಗೂ ಕಷ್ಟ. ಆದ್ದರಿಂದ ಹೊಸಬರು ಪ್ರತಿ ರಿಂಗ್‌ಗೂ ಪಿಕಾಟ್ ಇರುವ ಮಾದರಿಯನ್ನೇ ಆರಿಸಿ. ಒಮ್ಮೆ ತೆರೆದ ದಾರ ನವಿರೆದ್ದಿರುತ್ತದೆ. ಎರಡನೇ ಸಲ ಮುಚ್ಚುವಾಗ ಜಗ್ಗಬೇಡಿ, ಗಂಟುಗಳನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಒತ್ತಿ ಹಿಡಿದು ದಾರವನ್ನು ನೇರವಾಗಿ, ಒಂದೇ ಹದದಲ್ಲಿ ಎಳೆಯಿರಿ.

ದಾರದ ವಿಷಯ. ಹೊಲಿಗೆ ಮಷಿನ್ನಿನ ಪಾಲಿಸ್ಟರ್ ದಾರ ಬೇಡವೇ ಬೇಡ. ಅದು ಎಳೆದಷ್ಟು ಹಿಗ್ಗಿ ಮತ್ತೆ ಕುಗ್ಗುತ್ತದೆ, ಗಂಟಿನ ಗಾತ್ರ ಒಂದೇ ಸಮ ಬರುವುದಿಲ್ಲ. ಜರಿ ದಾರದ ಹೊರಪದರ ಗಂಟು ಜಾರುವಾಗ ಕಿತ್ತು ಬರುತ್ತದೆ. ಮರ್ಸರೈಸ್ ಮಾಡಿದ (ಹೊಳಪು, ಗಟ್ಟಿತನ ಬರುವಂತೆ ಸಂಸ್ಕರಿಸಿದ), ಬಿಗಿ ಹುರಿಯ ಕ್ರೋಶಾ ಹತ್ತಿ ದಾರವೇ ಸರಿ. ನಂಬರ್ ಹೆಚ್ಚಿದಷ್ಟೂ ದಾರ ಸಣ್ಣ. ಕಲಿಯಲು 10, ಈ ಎರಡೂ ಕೆಲಸಕ್ಕೆ 20, ಕೈ ಕುದುರಿದ ಮೇಲೆ 40. ಕಲಬುರಗಿಯ ಸೂಪರ್ ಮಾರ್ಕೆಟ್ ಸುತ್ತಲಿನ ಹೊಲಿಗೆ ಸಾಮಾನಿನ ಅಂಗಡಿಗಳಲ್ಲಿ ಆ್ಯಂಕರ್ ಕ್ರೋಶಾ ದಾರ ಅಂತ ಕೇಳಿ. ಉಂಡೆಯ ಮೇಲೆ ನಂಬರ್ ಜೊತೆಗೆ ಲಾಟ್ ನಂಬರ್ (ಒಂದೇ ಸಲ ತಯಾರಾದ ಸರಕಿನ ಗುರುತು) ಕೂಡ ನೋಡಿ. ಬಿಳಿಯಲ್ಲೂ ಲಾಟ್ ಬದಲಾದರೆ ಛಾಯೆ ಬದಲಾಗುತ್ತದೆ, ಅಂಚಿನ ನಡುವೆ ಅದು ಎದ್ದು ಕಾಣುತ್ತದೆ. ಬೀದರ್, ಯಾದಗಿರಿಯವರಿಗೆ ಹತ್ತಿರದಲ್ಲಿ ಸಿಗದಿದ್ದರೆ ಬೇಕಾದಷ್ಟನ್ನೂ ಒಂದೇ ಸಲ ತರಿಸಿಕೊಳ್ಳಿ. ಜಾಯಿನ್ ಮಾಡಲು, ಅಂದರೆ ಒಂದು ರಿಂಗನ್ನು ಪಕ್ಕದ ರಿಂಗ್‌ನ ಪಿಕಾಟ್‌ಗೆ ಸೇರಿಸಲು, 0.6 ಅಥವಾ 0.75 ಮಿ.ಮೀ. ಸ್ಟೀಲ್ ಕ್ರೋಶಾ ಕಡ್ಡಿ ಬೇಕು.

ಶಟಲ್‌ಗೆ ದಾರ ಸುತ್ತುವಾಗ ಅಂಚಿನಿಂದ ಹೊರಗೆ ಬರುವಷ್ಟು ತುಂಬಬೇಡಿ. ಹೊರಗೆ ಬಂದ ದಾರ ಕೈಯ ಬೆವರು, ಮಸಿ ಎಲ್ಲ ಹೀರುತ್ತದೆ. ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲಿನಲ್ಲಿ ಮಧ್ಯಾಹ್ನ ಬಿಳಿ ದಾರ ಹಿಡಿಯದಿರುವುದೇ ಒಳ್ಳೆಯದು. ಬೆಳಗಿನ ಹೊತ್ತು ಕೈ ತೊಳೆದು, ಪೂರ್ತಿ ಒರೆಸಿ ಕೂರಿ. ಕೈ ಜಾರುತ್ತದೆಂದು ಪೌಡರ್ ಹಚ್ಚಬೇಡಿ, ಅದು ಬೆವರಿನ ಜೊತೆ ಸೇರಿ ಗಂಟಿನೊಳಗೆ ಕೂರುತ್ತದೆ. ಐದಾರು ರಿಂಗ್‌ಗೊಮ್ಮೆ ಶಟಲ್ ಅನ್ನು ಕೈಬಿಟ್ಟು ಜೋತುಬಿಡಿ, ತಾನೇ ತಿರುಗಿ ಹುರಿ ಬಿಚ್ಚಿಕೊಳ್ಳುತ್ತದೆ.

ಈಗ ದಸ್ತಿ. ಸುಲಭದ, ಗಟ್ಟಿಯಾದ ಅಂಚು ಇದು: ರಿಂಗ್ 5-5-5-5, ಅಂದರೆ ಐದೈದು ಡಬಲ್ ಸ್ಟಿಚ್ ನಡುವೆ ಮೂರು ಪಿಕಾಟ್. ಮುಚ್ಚಿ, ಕೆಲಸವನ್ನು ತಿರುಗಿಸಿ, ಚೈನ್ 5-5, ನಡುವೆ ಒಂದು ಪಿಕಾಟ್. ಮತ್ತೆ ತಿರುಗಿಸಿ ಮುಂದಿನ ರಿಂಗ್, ಐದು ಸ್ಟಿಚ್ ಆದಮೇಲೆ ಹಿಂದಿನ ರಿಂಗ್‌ನ ಕೊನೆಯ ಪಿಕಾಟ್‌ಗೆ ಜಾಯಿನ್. ಜಾಯಿನ್ ಅನ್ನು ಸ್ಟಿಚ್ ಆಗಿ ಎಣಿಸಬೇಡಿ, ಅದಾದ ಮೇಲೆ ಪೂರ್ತಿ ಐದು ಹಾಕಿ. ರಿಂಗ್‌ಗಳು ಬಟ್ಟೆಯ ಕಡೆಗೆ, ಚೈನ್‌ಗಳು ಹೊರಗೆ. ಪ್ರತಿ ರಿಂಗ್‌ನ ಮಧ್ಯದ ಪಿಕಾಟ್ ಬಟ್ಟೆಗೆ ಹೊಲಿಯಲು. ಚೈನ್ ಶುರುಮಾಡುವಾಗ ಮೊದಲ ಗಂಟು ರಿಂಗ್‌ನ ಬುಡಕ್ಕೆ ಅಂಟಿಕೊಂಡಿರಬೇಕು, ಬರಿದಾರ ಕಂಡರೆ ಅಂಚು ಜೋಲುತ್ತದೆ. ಪಿಕಾಟ್‌ಗೆ ಬಿಡುವ ಜಾಗ ಮಡಚಿದಾಗ ಅರ್ಧ ಎತ್ತರವಾಗುತ್ತದೆ: 6 ಮಿ.ಮೀ. ಬಿಟ್ಟರೆ 3 ಮಿ.ಮೀ. ಪಿಕಾಟ್. ಹಳೆಯ ಪ್ಲಾಸ್ಟಿಕ್ ಕಾರ್ಡ್‌ನಿಂದ 6 ಮಿ.ಮೀ. ಅಗಲದ ಪಟ್ಟಿ ಕತ್ತರಿಸಿ, ಬಿಡುವ ಜಾಗದ ಅಳತೆಗೆ ಇಟ್ಟುಕೊಳ್ಳಿ, ಕಣ್ಣಳತೆಯನ್ನು ನಂಬಬೇಡಿ.

ಬಟ್ಟೆ ಕತ್ತರಿಸುವ ಮೊದಲೇ ಹತ್ತು ಜೋಡಿ ರಿಂಗ್-ಚೈನ್ ಮಾಡಿ ಅಳೆಯಿರಿ. ಎಳೆಯದೆ ಅಳೆದಾಗ 8.4 ಸೆಂ.ಮೀ. ಬಂತು ಅಂತಿಟ್ಟುಕೊಳ್ಳಿ, ಆಗ ಒಂದು ಜೋಡಿಗೆ 0.84. ದಸ್ತಿಯ ಬದಿ 28 ಸೆಂ.ಮೀ. ಇದ್ದರೆ 33 ಜೋಡಿ ಹಿಡಿಸುತ್ತದೆ, ಸುಮಾರು 3 ಮಿ.ಮೀ. ಉಳಿಯುತ್ತದೆ. ಆ 3 ಮಿ.ಮೀ. ಅನ್ನು ಲೇಸು ಎಳೆದು ಸರಿಪಡಿಸಬೇಡಿ, ಬಟ್ಟೆಯ ಮಡಿಕೆಯಲ್ಲೇ ಕಡಿಮೆ ಮಾಡಿ. ಲೇಸಿಗೆ ತಕ್ಕಂತೆ ಬಟ್ಟೆ, ಬಟ್ಟೆಗೆ ತಕ್ಕಂತೆ ಲೇಸಲ್ಲ. ನಾಲ್ಕು ಮೂಲೆಗೆ ತಲಾ ಒಂದು ರಿಂಗ್, ಮೂಲೆಗಳ ನಡುವೆ ಪ್ರತಿ ಬದಿಗೆ 32. ಒಟ್ಟು 132 ರಿಂಗ್, 132 ಚೈನ್.

ಮೂಲೆಯಲ್ಲೇ ಹೆಚ್ಚಿನವರ ಅಂಚು ಮಡಚಿಕೊಳ್ಳುವುದು. ಒಳಬದಿ ತಿರುಗುವ ದೂರ ಕಡಿಮೆ, ಹೊರಬದಿಯದು ಹೆಚ್ಚು. ಅದೇ 5-5 ಚೈನ್ ಹಾಕಿದರೆ ಸಾಲದೆ ಬಟ್ಟೆ ಬಟ್ಟಲಾಗುತ್ತದೆ. ಮೂಲೆಯ ರಿಂಗ್‌ನ ಹಿಂದಿನ ಮತ್ತು ಮುಂದಿನ ಚೈನ್ ಎರಡನ್ನೂ 8-8 ಮಾಡಿ, ಆ ರಿಂಗ್ ಅಕ್ಕಪಕ್ಕದವಕ್ಕೆ ಸೇರುವ ಪಿಕಾಟ್‌ಗಳನ್ನು ಮಿಕ್ಕವಕ್ಕಿಂತ ತುಸು ಉದ್ದ ಬಿಡಿ. ನೇರ ಭಾಗದಲ್ಲಿ ಅಂಚು ನೆರಿಗೆಯಾಗಿ ಎದ್ದರೆ ಚೈನ್ ಉದ್ದವಾಗಿದೆ, ಒಂದು ಸ್ಟಿಚ್ ಕಡಿಮೆ ಮಾಡಿ. ಒಳಕ್ಕೆ ಬಾಗಿದರೆ ಒಂದೋ ಚೈನ್ ಚಿಕ್ಕದು, ಇಲ್ಲವೇ ಚೈನ್ ಮುಗಿದಾಗ ಶಟಲ್ ದಾರವನ್ನು ಬಿಗಿಯಾಗಿ ಎಳೆದಿದ್ದೀರಿ. ಚೈನ್ ಎಳೆದು ಮುಚ್ಚುವ ವಸ್ತುವಲ್ಲ, ಗಂಟುಗಳು ಒಂದಕ್ಕೊಂದು ತಾಗಿದರೆ ಸಾಕು.

ಸಮಯದ ಲೆಕ್ಕ ಇಲ್ಲೇ ಸಿಗುತ್ತದೆ. ಹೊಸ ಕೈಗೆ ಒಂದು ರಿಂಗ್ ಮತ್ತು ಒಂದು ಚೈನ್‌ಗೆ 6ರಿಂದ 8 ನಿಮಿಷ. 132 ಜೋಡಿಗೆ 13ರಿಂದ 18 ಗಂಟೆ. ಆರು ದಸ್ತಿಗೆ ಸುಮಾರು 80ರಿಂದ 105 ಗಂಟೆ, ಹೊಲಿಗೆ, ಬಿಚ್ಚುವಿಕೆ ಬೇರೆ. ದಿನಕ್ಕೆ ಮುಕ್ಕಾಲು ಗಂಟೆ ಕೂರುವವರಿಗೆ ಮೂರು ತಿಂಗಳಲ್ಲಿ ಆರು ಆಗುವುದಿಲ್ಲ. ಎರಡೇ ಮಾಡಿ, ಚೆನ್ನಾಗಿ ಮಾಡಿ. ಆತುರದಲ್ಲಿ ಮಾಡಿದ ಆರಕ್ಕಿಂತ ಮದುಮಕ್ಕಳಿಗೆ ಒಂದೊಂದು ದಸ್ತಿ ನಿಜಕ್ಕೂ ಒಳ್ಳೆಯ ಉಡುಗೊರೆ.

ಕುಲಾಯಿಗೆ ಇದೇ ಅಂಚು ಸಾಕು, ಎರಡು ಬದಲಾವಣೆ ಕಡ್ಡಾಯ. ಹೊರಗಿನ ಪಿಕಾಟ್‌ಗಳು 2 ಮಿ.ಮೀ. ಮೀರಬಾರದು, ಉದ್ದ ಕುಣಿಕೆಯಲ್ಲಿ ಕೂಸಿನ ಬೆರಳು ಸಿಕ್ಕಿಕೊಳ್ಳುತ್ತದೆ. ಮಣಿ ಪೋಣಿಸಬೇಡಿ, ಕತ್ತಿನ ಕೆಳಗೆ ಕಟ್ಟುವ ರಿಬ್ಬನ್ ಬೇಡ, ಬಾಯಿಗೆ ಕತ್ತಿಗೆ ಹೋಗುವಂಥದ್ದು ಯಾವುದೂ ಬೇಡ. ಬಣ್ಣದ ದಾರ ಬಳಸುವುದಾದರೆ ಒಂದು ಮೊಳ ದಾರವನ್ನು ಬೆಚ್ಚನೆ ನೀರಿನಲ್ಲಿ ನೆನೆಸಿ, ಬಿಳಿ ಬಟ್ಟೆಯ ನಡುವೆ ಒತ್ತಿ ನೋಡಿ. ಕಲೆ ಬಿದ್ದರೆ ಆ ಉಂಡೆಯನ್ನು ಬೇರೆ ಕೆಲಸಕ್ಕೆ ಇಡಿ. ಮಲ್ (ತೆಳು ಹತ್ತಿ) ಬಟ್ಟೆಯನ್ನು ಹೊಲಿಯುವ ಮೊದಲೇ ಒಗೆದು ಇಸ್ತ್ರಿ ಮಾಡಿ. ಇಲ್ಲವಾದರೆ ಮೊದಲ ಒಗೆತಕ್ಕೆ ಬಟ್ಟೆ ಕುಗ್ಗಿ ಲೇಸು ನೆರಿಗೆಗಟ್ಟುತ್ತದೆ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಮಾತು. ಕೂಸು ಆರು ತಿಂಗಳಿಗೆ ಕುಲಾಯಿ ಮೀರಿ ಬೆಳೆಯುತ್ತದೆ, ದಸ್ತಿಯ ಬಟ್ಟೆ ಹತ್ತಾರು ವರ್ಷದಲ್ಲಿ ಜೀರ್ಣವಾಗುತ್ತದೆ, ಲೇಸು ಅದಕ್ಕಿಂತ ಬಹಳ ಹೆಚ್ಚು ಬಾಳುತ್ತದೆ. ಟ್ಯಾಟಿಂಗ್‌ನ ಪ್ರತಿ ಗಂಟೂ ಸ್ವತಂತ್ರ. ಆಂಧ್ರದ ನರಸಾಪುರದ ಲೇಸಿನಂಥ ಕ್ರೋಶಾದಲ್ಲಿ ಒಂದು ಎಳೆ ಹರಿದರೆ ಬಿಚ್ಚಿಕೊಳ್ಳುತ್ತಾ ಹೋಗಬಹುದು, ಇದರಲ್ಲಿ ಹಾಗಾಗುವುದಿಲ್ಲ. ಹಾಗಾಗಿ ಒಂದು ಬಟ್ಟೆಯಿಂದ ಬಿಡಿಸಿ ಇನ್ನೊಂದಕ್ಕೆ ಕೂರಿಸುವಂತೆ ಹೊಲಿಯಿರಿ. ಮಷಿನ್ ಹೊಲಿಗೆ ಬೇಡ. ಅದು ಪಿಕಾಟ್‌ಗಳನ್ನು ಚುಚ್ಚಿ ಸೀಳುತ್ತದೆ, ಬಿಚ್ಚುವಾಗ ಲೇಸೇ ಹರಿಯುತ್ತದೆ. ಲೇಸಿಗಿಂತ ಸಣ್ಣ ಹತ್ತಿ ದಾರ ತೆಗೆದುಕೊಂಡು ಪ್ರತಿ ಮಧ್ಯದ ಪಿಕಾಟ್‌ಗೆ ಎರಡೆರಡು ಕೈಹೊಲಿಗೆ ಹಾಕಿ, ಐದಾರು ಸೆಂ.ಮೀ.ಗೊಮ್ಮೆ ಬಟ್ಟೆಯ ಹಿಂದೆ ಗಂಟು ಕಟ್ಟಿ. ಎಲ್ಲೋ ಒಂದು ಕಡೆ ಹರಿದರೆ ಅಷ್ಟೇ ಭಾಗ ಬಿಡುತ್ತದೆ. ಹೊಲಿಗೆಯ ದಾರ ಲೇಸಿಗಿಂತ ದುರ್ಬಲವಾಗಿರುವುದೇ ಒಳ್ಳೆಯದು, ಎಳೆತ ಬಿದ್ದಾಗ ಮೊದಲು ಅದು ಹೋಗಲಿ.

ಇಷ್ಟು ಬಾಳಬೇಕಾದರೆ ದಾರದ ತುದಿಗಳನ್ನು ಸರಿಯಾಗಿ ಮುಚ್ಚಬೇಕು. ಗಂಟು ಹಾಕಿ ಕತ್ತರಿಸಿದ ತುದಿ ಕೆಲವೇ ಒಗೆತಕ್ಕೆ ಬಿಚ್ಚುತ್ತದೆ. ಅಂಟು ಹಚ್ಚಿದರೆ ವರ್ಷಗಳಲ್ಲಿ ಅದು ಹಳದಿಯಾಗಿ, ಗಡುಸಾಗಿ ದಾರವನ್ನೇ ಮುರಿಯುತ್ತದೆ. 15 ಸೆಂ.ಮೀ. ತುದಿ ಬಿಟ್ಟು, ಸಣ್ಣ ಸೂಜಿಯಿಂದ ಐದಾರು ಡಬಲ್ ಸ್ಟಿಚ್‌ಗಳ ಒಳಗೆ ಹಾಯಿಸಿ, ಒಮ್ಮೆ ಹಿಂದಕ್ಕೆ ತಂದು ಆಮೇಲೆ ಕತ್ತರಿಸಿ. ಮುಕ್ತಾಯದ ತುದಿಗೆ ಇನ್ನೂ ಸೊಗಸಾದ ಉಪಾಯವಿದೆ: ಮೊದಲ ರಿಂಗ್‌ನ ಮೊದಲ ಐದು ಸ್ಟಿಚ್‌ಗಳನ್ನು ಹಾಕುವಾಗಲೇ ಒಳದಾರದ ಜೊತೆ ಮಡಚಿದ ಸಣ್ಣ ನೈಲಾನ್ ದಾರವನ್ನು ಸೇರಿಸಿ. ಕೊನೆಗೆ ಬಂದಾಗ ಅದರ ಕುಣಿಕೆಗೆ ತುದಿಯನ್ನು ತೂರಿಸಿ ನೈಲಾನ್ ಎಳೆದರೆ ತುದಿ ಗಂಟುಗಳೊಳಗೆ ಮಾಯವಾಗುತ್ತದೆ. ರಿಂಗ್ ನಡುವೆ ಹೊಸ ದಾರ ಸೇರಿಸಲು ಆಗುವುದಿಲ್ಲ, ಸೇರಿಸಿದ ಗಂಟು ಒಳಗೆ ಜಾರದೆ ರಿಂಗ್ ಮುಚ್ಚುವುದಿಲ್ಲ. ಶಟಲ್‌ನಲ್ಲಿ ಅರ್ಧ ಮೀಟರ್‌ಗಿಂತ ಕಡಿಮೆ ಉಳಿದಿದ್ದರೆ ಹೊಸ ರಿಂಗ್ ಶುರುಮಾಡದೆ, ಬುಡದಲ್ಲೇ ದಾರ ಬದಲಿಸಿ.

ಒಗೆಯುವುದಕ್ಕೆ ಸೌಮ್ಯವಾದ ಸೋಪು, ಉಗುರುಬೆಚ್ಚಗಿನ ನೀರು, ಹಿಂಡದೆ ಒತ್ತುವುದು, ಇಷ್ಟೇ. ನಮ್ಮ ಕಡೆಯ ಬೋರ್ ನೀರು ಗಡಸು, ಸೋಪಿನ ಜೊತೆ ಸೇರಿ ಬಿಳಿ ಜಿಡ್ಡು ಕಟ್ಟುತ್ತದೆ. ಇಸ್ತ್ರಿ ಮಾಡಿದಾಗ ಅದೇ ಹಳದಿಯಾಗುವುದು. ಕೊನೆಯ ಎರಡು ಸಲ ಫಿಲ್ಟರ್ ನೀರಿನಲ್ಲಿ ಜಾಲಿಸಿ. ಥರ್ಮೋಕೋಲ್ ಹಲಗೆಗೆ ಬಿಳಿ ಬಟ್ಟೆ ಹೊದಿಸಿ, ಒದ್ದೆ ಲೇಸನ್ನು ಅದರ ಮೇಲೆ ಹರಡಿ ಪ್ರತಿ ಪಿಕಾಟ್‌ಗೂ ಪಿನ್ ಚುಚ್ಚಿ, ಫ್ಯಾನ್ ಕೆಳಗೆ ಒಣಗಲು ಬಿಡಿ. ಪಿನ್ ಹಿತ್ತಾಳೆಯದೋ ಸ್ಟೇನ್‌ಲೆಸ್ ಸ್ಟೀಲಿನದೋ ಇರಲಿ, ಸಾದಾ ಪಿನ್ನಿನ ತುಕ್ಕಿನ ಕಲೆ ಹೋಗುವುದಿಲ್ಲ.

ಎತ್ತಿಡುವಾಗ ಗಂಜಿ ಹಾಕಬೇಡಿ, ಮಳೆಗಾಲದಲ್ಲಿ ಬೆಳ್ಳಿಹುಳಕ್ಕೆ ಅದೇ ಆಹಾರ. ಮಡಚುವ ಬದಲು, ಒಗೆದ ಹಳೆಯ ಮಲ್ ಬಟ್ಟೆಯ ಸುರುಳಿಗೆ ಸುತ್ತಿ. ಮದುವೆಗೆ ಬಿದರಿ ಡಬ್ಬಿಯಲ್ಲಿಟ್ಟು ಕೊಡುವ ಆಸೆ ಹಲವರಿಗಿರುತ್ತದೆ, ಕೊಡಿ. ಆದರೆ ಆ ಕಪ್ಪು ಹೊಳಪಿಗೆ ಎಣ್ಣೆ ಉಜ್ಜಿರುತ್ತಾರೆ, ಒಳಗೆ ದಪ್ಪ ಹತ್ತಿ ಬಟ್ಟೆಯ ಪದರ ಹಾಕದೆ ಲೇಸು ಇಡಬೇಡಿ. ಅದೇ ಉಂಡೆಯಿಂದ ಐದು ಮೀಟರ್ ದಾರ ತೆಗೆದು ಕಾರ್ಡಿಗೆ ಸುತ್ತಿ, ಕಾರ್ಡಿನ ಮೇಲೆ ದಾರದ ನಂಬರ್, ಲಾಟ್, ಸ್ಟಿಚ್ ಲೆಕ್ಕವನ್ನು ಪೆನ್ಸಿಲ್‌ನಲ್ಲಿ ಬರೆದು ಜೊತೆಗಿಡಿ. ಪೆನ್ನಿನ ಶಾಯಿ ತೇವಕ್ಕೆ ಹರಡುತ್ತದೆ. ರಿಪೇರಿ ಮಾಡುವವರು ಯಾರೇ ಆಗಲಿ, ಅವರಿಗೆ ಬೇಕಾಗುವುದು ಅಷ್ಟೇ.

ಎರಡು ಬಣ್ಣದ ಚೈನ್ ಒಂದು ಗೇಣು ಆದಮೇಲೆ ಮುಂಭಾಗ, ಹಿಂಭಾಗ ಎರಡರ ಫೋಟೊ ಹಾಕಿ. ಫ್ಲಿಪ್ ಎಲ್ಲಿ ತಪ್ಪುತ್ತಿದೆ ಅಂತ ಅದರಲ್ಲಿ ನೋಡಿ ಹೇಳಬಹುದು.