ಸಂಪಾದಕರ ಉತ್ತರ: ಇಲ್ಲದ ಚಾರ್ಜಿಗೆ ಯಾಕೆ ಇಷ್ಟು ಲೆಕ್ಕ?

ಶಿರಸಿಯ ನಿವೃತ್ತ ಗಣಿತ ಮೇಷ್ಟ್ರೊಬ್ಬರು ಕಾಗದ ಬರೆದಿದ್ದಾರೆ. ಕಳೆದ ಸಂಚಿಕೆಯಲ್ಲಿ ಚಾರ್ಜ್ (ವಿದ್ಯುದಾವೇಶ) ಇರುವ ನ್ಯೂಟ್ರಾನ್ ನಕ್ಷತ್ರಗಳ, ಅಂದರೆ ದೊಡ್ಡ ನಕ್ಷತ್ರ ಸತ್ತು ಕುಗ್ಗಿ ಉಳಿದ ಅತಿಸಾಂದ್ರ ಉಂಡೆಗಳ, ಗಣಿತದ ಬಗ್ಗೆ ಐದು ಪುಟ ಹಾಕಿದ್ದೆವು. ‘ನಕ್ಷತ್ರಗಳಲ್ಲಿ ಚಾರ್ಜೇ ಉಳಿಯುವುದಿಲ್ಲ. ಇಲ್ಲದ್ದಕ್ಕೆ ಲೆಕ್ಕ ಯಾಕೆ? ಮೇಲಾಗಿ, ಆ ಲೆಕ್ಕ ನಿಜವಾದ ನಕ್ಷತ್ರಕ್ಕೆ ಹೊಂದಿತು ಅಂತ ಬರೆದಿದ್ದೀರಿ. ನಂಬಬಹುದಾ?’ ಎಂದು ಕೇಳಿದ್ದಾರೆ. ಜೊತೆಗೆ ಗೆರೆ ಹಾಳೆಯಲ್ಲಿ ಒಂದು ಲೆಕ್ಕ. ಎರಡು ಪ್ರೋಟಾನುಗಳ ನಡುವಿನ ವಿದ್ಯುತ್ ಬಲ ಗುರುತ್ವಕ್ಕಿಂತ 10³⁶ ಪಟ್ಟು ಜಾಸ್ತಿ. ಉತ್ತರದ ಕೆಳಗೆ ಕೆಂಪು ಶಾಯಿಯಲ್ಲಿ ಎರಡು ಗೆರೆ.

ಮೇಷ್ಟ್ರೇ, ಆ ಹಾಳೆಯಿಂದಲೇ ಶುರು ಮಾಡುತ್ತೇನೆ. ಸೂರ್ಯನಷ್ಟು ದ್ರವ್ಯರಾಶಿಯ ನಕ್ಷತ್ರ ಒಂದನ್ನು ತೆಗೆದುಕೊಳ್ಳಿ. ಅದರ ಒಟ್ಟು ವಿಕರ್ಷಣೆ ಗುರುತ್ವಕ್ಕೆ ಸಮ ಆಗಬೇಕಾದರೆ ಸುಮಾರು 1.7 × 10²⁰ ಕೂಲಂಬ್ (ಚಾರ್ಜ್ ಅಳೆಯುವ ಮಾನ) ಚಾರ್ಜ್ ಬೇಕು. ದೊಡ್ಡ ಸಂಖ್ಯೆ ಅನಿಸುತ್ತದೆ, ಅಲ್ವಾ? ಆದರೆ 10¹⁸ ಕಣಗಳಿಗೆ ಒಂದೇ ಒಂದು ಪ್ರೋಟಾನ್ ಹೆಚ್ಚಿಗೆ ಇದ್ದರೆ ಸಾಕು, ಅಷ್ಟು ಚಾರ್ಜ್ ಆಗಿಬಿಡುತ್ತದೆ. ಈಗ ಅದೇ ನಕ್ಷತ್ರದ ಅಂಚಿನಲ್ಲಿ ಒಂಟಿ ಪ್ರೋಟಾನ್ ಒಂದನ್ನು ಇಡಿ. ಗುರುತ್ವ ಅದನ್ನು ಎಳೆಯುವುದಕ್ಕಿಂತ 10¹⁸ ಪಟ್ಟು ಜೋರಾಗಿ ವಿದ್ಯುತ್ ಅದನ್ನು ಹೊರಕ್ಕೆ ತಳ್ಳುತ್ತದೆ. ಅದು ಅಲ್ಲಿ ನಿಲ್ಲುವ ಮಾತೇ ಇಲ್ಲ. ನ್ಯೂಟ್ರಾನ್ ನಕ್ಷತ್ರದ ಹಾಗೆ ತ್ರಿಜ್ಯ 12 ಕಿ.ಮೀ. ಇದ್ದರೆ ಅಂಚಿನಲ್ಲಿ ವಿದ್ಯುತ್ ಕ್ಷೇತ್ರ ಮೀಟರಿಗೆ ಸುಮಾರು 10²² ವೋಲ್ಟ್. ಮೀಟರಿಗೆ 10¹⁸ ದಾಟಿದರೇ ಖಾಲಿ ಜಾಗದಲ್ಲಿ ಎಲೆಕ್ಟ್ರಾನ್–ಪಾಸಿಟ್ರಾನ್ ಜೋಡಿಗಳು ಹುಟ್ಟಿ ಚಾರ್ಜನ್ನು ಕರಗಿಸತೊಡಗುತ್ತವೆ. ನಮ್ಮ ಸೂರ್ಯನಿಗೂ ಸ್ವಲ್ಪ ಚಾರ್ಜ್ ಇರಬೇಕೆಂದು ಲೆಕ್ಕ ಹೇಳುತ್ತದೆ, ಅದು ನೂರು ಕೂಲಂಬಿನ ಆಸುಪಾಸು ಅಷ್ಟೆ. ನಿಮ್ಮ ಮೊದಲ ಮಾತು ಸರಿ.

ಆದರೂ ಈ ಲೆಕ್ಕ ಬೇಕು ಅನ್ನುತ್ತೇನೆ. ನ್ಯೂಟನ್ನನ ಲೋಕದಲ್ಲಿ ಚಾರ್ಜ್ ಸುಮ್ನೆ ಹೊರಕ್ಕೆ ತಳ್ಳುತ್ತದೆ. ಐನ್‌ಸ್ಟೈನನ ಲೋಕದಲ್ಲಿ ಅದಕ್ಕೆ ಎರಡು ಮುಖ. ತಳ್ಳುವುದೂ ಹೌದು, ವಿದ್ಯುತ್ ಕ್ಷೇತ್ರದಲ್ಲಿರುವ ಶಕ್ತಿಗೂ ತೂಕ ಇರುವುದರಿಂದ ಒಳಕ್ಕೆ ಎಳೆಯುವುದೂ ಹೌದು. ಎರಡರಲ್ಲಿ ಯಾವುದು ಎಲ್ಲಿ ಗೆಲ್ಲುತ್ತದೆ? ಸಮೀಕರಣ ಬಿಡಿಸದೆ ಗೊತ್ತಾಗುವುದಿಲ್ಲ. ಚಾರ್ಜ್ ಇಲ್ಲದ ನಕ್ಷತ್ರಕ್ಕೆ ಬುಖ್‌ಡಾಲ್ 1959ರಲ್ಲಿ ಒಂದು ಮಿತಿ ಕೊಟ್ಟರು. ಅದರ ಪ್ರಕಾರ ನಕ್ಷತ್ರ ಎಷ್ಟು ಒತ್ತೊತ್ತಾಗಿದೆ ಎಂದು ಹೇಳುವ 2GM/Rc² ಎಂಬ ಸಂಖ್ಯೆ (G ಗುರುತ್ವ ಸ್ಥಿರಾಂಕ, M ದ್ರವ್ಯರಾಶಿ, R ತ್ರಿಜ್ಯ, c ಬೆಳಕಿನ ವೇಗ) 8/9 ದಾಟುವಂತಿಲ್ಲ. ಚಾರ್ಜ್ ಸೇರಿಸಿದರೆ ಆ ಗೋಡೆ ಎಷ್ಟು ಸರಿಯುತ್ತದೆ ಅನ್ನುವುದು ಗುರುತ್ವದ ಬಗ್ಗೆಯೇ ಕೇಳುವ ಪ್ರಶ್ನೆ. ಅಂಥ ನಕ್ಷತ್ರ ಆಕಾಶದಲ್ಲಿ ಇರಲಿ, ಬಿಡಲಿ.

ಈ ಕೆಲಸದಲ್ಲಿ ನನಗೆ ತುಂಬ ಇಷ್ಟವಾದದ್ದು ಗುವಾಹಟಿಯ ಕ್ರೋರಿ ಮತ್ತು ಬರುವಾ 1975ರಲ್ಲಿ ಕೊಟ್ಟ ಪರಿಹಾರ. ನಕ್ಷತ್ರದೊಳಗಿನ ವಸ್ತು ಎಂಥದ್ದು ಎಂದು ಅವರು ಮೊದಲು ಕೇಳಲೇ ಇಲ್ಲ. ಜಾಗ ಮತ್ತು ಕಾಲ ಹೇಗೆ ಬಾಗಿರಬೇಕು ಎಂಬುದನ್ನು ಮೊದಲು ಇಟ್ಟುಕೊಂಡರು. ಜಾಗದ ಭಾಗಕ್ಕೆ Ar², ಕಾಲದ ಭಾಗಕ್ಕೆ Br² + C, ಎರಡೂ ಘಾತಾಂಕವಾಗಿ (r ಅಂದರೆ ಕೇಂದ್ರದಿಂದ ಇರುವ ದೂರ). ಇಷ್ಟೇ. r ಬದಲು r² ಯಾಕೆ? r ಹಾಕಿದರೆ ನಟ್ಟನಡುವೆ ಒಂದು ಚೂಪು ಏಳುತ್ತದೆ, ಅಲ್ಲಿ ಸಾಂದ್ರತೆ ಅನಂತವಾಗುತ್ತದೆ. r² ಹಾಕಿದರೆ ಕೇಂದ್ರ ಬಟ್ಟಲಿನ ತಳದ ಹಾಗೆ ನಯವಾಗಿರುತ್ತದೆ. ಆಮೇಲೆ ಸಾಂದ್ರತೆ, ಒತ್ತಡ, ಚಾರ್ಜ್ ಎಲ್ಲವನ್ನೂ ಐನ್‌ಸ್ಟೈನ್ ಸಮೀಕರಣಗಳಿಂದ ಹಿಂದಕ್ಕೆ ಲೆಕ್ಕ ಹಾಕಿ ತೆಗೆಯಬಹುದು. ವೈದ್ಯ ಮತ್ತು ಟಿಕೇಕರ್ ಕೂಡ ಹೀಗೇ ಜ್ಯಾಮಿತಿಯಿಂದ ಹೊರಟವರು. ಅವರ ಅತಿಸಾಂದ್ರ ನಕ್ಷತ್ರದ ಮಾದರಿ 1982ರಲ್ಲಿ ಪ್ರಕಟವಾದದ್ದು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲೇ. ಅದಕ್ಕೆ ಚಾರ್ಜ್ ಸೇರಿಸಿದವರು ಆಮೇಲೆ ಬಂದರು.

ಈಗ ನಿಮ್ಮ ಎರಡನೇ ಪ್ರಶ್ನೆ. ಇಲ್ಲಿ ತಪ್ಪು ನಮ್ಮದು. A, B, C ಮೂರು ಸ್ಥಿರಾಂಕಗಳು. ನಕ್ಷತ್ರದ ಅಂಚಿನಲ್ಲಿ ಒಳಗಿನ ಪರಿಹಾರವನ್ನು ಹೊರಗಿನ ರೈಸ್ನರ್–ನಾರ್ಡ್‌ಸ್ಟ್ರಾಮ್ ಪರಿಹಾರಕ್ಕೆ (ಚಾರ್ಜ್ ಇರುವ ಗೋಳದ ಹೊರಗೆ ಜಾಗ ಮತ್ತು ಕಾಲ ಹೇಗೆ ಬಾಗುತ್ತವೆ ಎಂದು ಹೇಳುವುದು) ಹೊಲಿಗೆ ಹಾಕಿದಾಗ ದ್ರವ್ಯರಾಶಿ, ತ್ರಿಜ್ಯ, ಚಾರ್ಜ್ ಈ ಮೂರರಿಂದ ಅವು ಸಿಗುತ್ತವೆ. ಅಂದರೆ ನಿಜವಾದ ನಕ್ಷತ್ರದ ದ್ರವ್ಯರಾಶಿಯನ್ನೂ ತ್ರಿಜ್ಯವನ್ನೂ ನಾವೇ ಒಳಗೆ ಹಾಕಿದ್ದೇವೆ. ಹಾಕಿದ್ದೇ ವಾಪಸ್ ಬಂದರೆ ಅದು ಪುರಾವೆಯಲ್ಲ. ಇಂಥ ಎಷ್ಟೋ ಪ್ರಬಂಧಗಳು ಇದನ್ನೇ ಗೆಲುವು ಅನ್ನುತ್ತವೆ, ನಮ್ಮ ಲೇಖನವೂ ಹಾಗೇ ಅಂದುಬಿಟ್ಟಿತು. ಪರೀಕ್ಷೆ ಇರುವುದು ಒಳಗೆ. ಸಾಂದ್ರತೆ ಕೇಂದ್ರದಿಂದ ಅಂಚಿಗೆ ಇಳಿಯುತ್ತಾ ಹೋಗಬೇಕು. ಒತ್ತಡ ಅಂಚಿನಲ್ಲಿ ಸೊನ್ನೆಯಾಗಬೇಕು. ಶಬ್ದದ ವೇಗ ಎಲ್ಲೂ ಬೆಳಕಿನ ವೇಗವನ್ನು ದಾಟಬಾರದು. ಇವುಗಳಲ್ಲಿ ಒಂದು ತಪ್ಪಿದರೂ ಮಾದರಿ ಬಿದ್ದುಹೋಗುತ್ತದೆ. ಎಲ್ಲಿ ಬಿದ್ದಿತು ಅನ್ನುವುದೇ ಬೆಲೆಬಾಳುವ ಸುದ್ದಿ.

ಆದ್ದರಿಂದ ಕಳೆದ ಸಂಚಿಕೆಯ ಲೇಖನದಲ್ಲಿ ‘ನಕ್ಷತ್ರಕ್ಕೆ ಹೊಂದಿತು’ ಎಂದಿರುವ ಕಡೆ ‘ನಕ್ಷತ್ರದ ಅಳತೆಗಳನ್ನು ಇಟ್ಟುಕೊಂಡು ಲೆಕ್ಕ ಹಾಕಲಾಯಿತು’ ಎಂದು ಓದುಗರು ತಿದ್ದಿಕೊಳ್ಳಬೇಕು. ಮೇಷ್ಟ್ರೇ, ನಿಮ್ಮ ಗೆರೆ ಹಾಳೆಯನ್ನು ಮುಂದಿನ ಸಂಚಿಕೆಯಲ್ಲಿ ಹಾಗೇ ಅಚ್ಚು ಹಾಕುವ ಆಸೆ ಇದೆ, ಕೆಂಪು ಗೆರೆ ಸಮೇತ. ಒಪ್ಪಿಗೆ ಕೊಡಿ.